ಫಾರಂನಲ್ಲಿ ಜಾಗ ಸಿಗದ ಮಾತು

ಸ್ಯಾಮಿ ಕೊಗ್ವಿಕ್ ಅನ್ನುವವರ ಕಳೆದುಹೋದ ಕ್ಯಾಮೆರಾ ಎಷ್ಟೋ ದಿನದಿಂದ ನನ್ನ ತಲೆಯಲ್ಲಿ ಕೂತಿದೆ. ಅವರು ಕೆನಡಾದ ಉತ್ತರದ ತುದಿಯವರು. ಕಿಂಗ್ ವಿಲಿಯಂ ದ್ವೀಪದ ಜೋವಾ ಹೇವನ್ ಅನ್ನೋ ಚಿಕ್ಕ ಊರು. ಆ ಹಿಮದ ಸೀಮೆಯ ಮೂಲನಿವಾಸಿಗಳಾದ ಇನುಯಿಟ್ ಜನ. ಒಂದು ದಿನ ಗೆಳೆಯನ ಜೊತೆ ಮೀನು ಹಿಡಿಯಲು ಸ್ನೋಮೊಬೈಲ್ ಹತ್ತಿ ಹೊರಟಿದ್ದರು. ದಾರಿಯಲ್ಲಿ ಒಂದು ಕೊಲ್ಲಿ. ನೀರೆಲ್ಲ ಹೆಪ್ಪುಗಟ್ಟಿತ್ತು. ಆ ಮಂಜುಗಡ್ಡೆಯ ಮಧ್ಯದಿಂದ ಒಂದು ದಪ್ಪ ಮರದ ಕಂಬ ಮೇಲೆದ್ದು ನಿಂತಿತ್ತು. ಆ ದ್ವೀಪದಲ್ಲಿ ಮರವೇ ಬೆಳೆಯೋದಿಲ್ಲ. ಕಣ್ಣು ಹಾಯಿಸಿದಷ್ಟು ದೂರವೂ ಬರೀ ಕಲ್ಲು, ಪಾಚಿ, ಹಿಮ. ಅಂಥ ಕಡೆ ಹಡಗಿನ ಪಟದ ಕಂಬದ ಥರ ಒಂದು ಕಂಬ! ಕೊಗ್ವಿಕ್ ಗಾಡಿ ನಿಲ್ಲಿಸಿ ಇಳಿದರು. ಹೋಗಿ ಆ ಕಂಬವನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ಗೆಳೆಯ ಫೋಟೊ ತೆಗೆದ. ವಾಪಸ್ ಮನೆಗೆ ಬಂದು ಜೇಬು ಮುಟ್ಟಿ ನೋಡಿಕೊಂಡರೆ ಕ್ಯಾಮೆರಾ ಇಲ್ಲ. ದಾರಿಯಲ್ಲೆಲ್ಲೋ ಬಿದ್ದುಹೋಗಿತ್ತು. ಇದು ಒಳ್ಳೆಯ ಶಕುನ ಅಲ್ಲ, ಅಲ್ಲಿ ಸತ್ತವರ ಆತ್ಮಗಳಿವೆ ಅಂತ ಅವರಿಗೆ ಅನ್ನಿಸಿತು. ಬಾಯಿ ಬಿಡದೆ ಸುಮ್ಮನಾದರು. ಆರೇಳು ವರ್ಷ ಹಾಗೇ ಕಳೆಯಿತು.

ಅವರು ತಬ್ಬಿಕೊಂಡಿದ್ದು 'ಟೆರರ್' ಹಡಗಿನ ಕಂಬವನ್ನೇ ಇರಬೇಕು. 1845ರಲ್ಲಿ ಉತ್ತರದ ಮಂಜಿನ ಸಮುದ್ರದಲ್ಲಿ ದಾರಿ ಹುಡುಕಲು ಇಂಗ್ಲೆಂಡಿನಿಂದ ಹೊರಟು, ಜೊತೆಯ 'ಎರೆಬಸ್' ಸಮೇತ ಕಾಣೆಯಾದ ಹಡಗು ಅದು. ಎರಡರಲ್ಲೂ ಸೇರಿ 129 ಜನ. ಒಬ್ಬರೂ ವಾಪಸ್ ಬರಲಿಲ್ಲ. ಅವರನ್ನು ಹುಡುಕಲು ಹೊರಟ ಹಡಗುಗಳಿಗೆ ಲೆಕ್ಕವಿಲ್ಲ. ಪತ್ತೆ ಕೊಟ್ಟವರಿಗೆ ಇಪ್ಪತ್ತು ಸಾವಿರ ಪೌಂಡ್ ಬಹುಮಾನ ಅಂತ ಬ್ರಿಟಿಷ್ ಸರ್ಕಾರ ಸಾರಿತ್ತು. ಆ ಕಾಲಕ್ಕೆ ಅದು ದೊಡ್ಡ ಗಂಟು. ಅಂಥ ಹಡಗನ್ನು ಒಬ್ಬ ಮನುಷ್ಯ ಕಣ್ಣಾರೆ ನೋಡಿದ್ದ, ಮೈ ತಾಗುವಷ್ಟು ಹತ್ತಿರ ನಿಂತಿದ್ದ. ಫೋಟೊ ಕಳೆಯಿತು, ಮಾತೂ ನಿಂತಿತು. ಅವರು ಹೇಳಿದ ಕಾರಣ ಅಪಶಕುನದ್ದು. ಅದನ್ನು ನಾನು ಪೂರ್ತಿ ನಂಬುತ್ತೇನೆ. ಆದರೆ ಪಕ್ಕದಲ್ಲೇ ಇನ್ನೊಂದು ಪ್ರಶ್ನೆ ಏಳುತ್ತದೆ. ಫೋಟೊ ಇಲ್ಲದೆ ಅವತ್ತೇ ಹೇಳಿದ್ದರೆ ಯಾರು ಕೇಳುತ್ತಿದ್ದರು? ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಅವರ ಜನ ಹೇಳುತ್ತಲೇ ಬಂದಿದ್ದರು. ಕೇಳಿಸಿಕೊಂಡವರು ಬಹಳ ಕಡಿಮೆ.

ಈ ಪ್ರಶ್ನೆ ನನ್ನನ್ನು ಯಾಕೆ ಚುಚ್ಚುತ್ತದೆ ಅಂತ ನನಗೆ ಗೊತ್ತು. ಅದನ್ನು ಮೊದಲೇ ಹೇಳಿಬಿಡುತ್ತೇನೆ.

2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ಹರಿದ ಮೇಲೆ, ದಂಡೆಯ ಹಳ್ಳಿಗಳಲ್ಲಿ ಮನೆ ಮನೆಗೆ ಹೋಗಿ ನಷ್ಟದ ವಿವರ ಬರೆದುಕೊಳ್ಳುವ ಕೆಲಸಕ್ಕೆ ಒಂದು ತಂಡದ ಜೊತೆ ಹೋಗಿದ್ದೆ. ಕೈಯಲ್ಲಿ ನಾಲ್ಕು ಪುಟದ ಫಾರಂ. ಗೋಡೆ ಮಣ್ಣಿನದೋ ಸಿಮೆಂಟಿನದೋ, ದನ ಎಷ್ಟು, ಜೋಳ ಎಷ್ಟು ಚೀಲ. ಒಂದು ತಗಡಿನ ಶೆಡ್ಡಿನ ಮುಂದೆ ಒಬ್ಬ ಅಜ್ಜಿ ಕೂತು, ಹಸಿ ವಾಸನೆ ಹೊಡೆಯುತ್ತಿದ್ದ ಶೇಂಗಾ ಆರಿಸುತ್ತಿದ್ದರು. ಫಾರಂ ಮುಗಿಯಿತು. ಅವರು ಎದ್ದು ನನ್ನ ಮುಂಗೈ ಹಿಡಿದುಕೊಂಡು ಹನುಮಪ್ಪನ ಗುಡಿಯ ಹತ್ತಿರ ಕರೆದುಕೊಂಡು ಹೋದರು. ಮೆಟ್ಟಿಲ ಮೇಲೆ ಹೆಬ್ಬೆರಳು ಒತ್ತಿ ತೋರಿಸಿದರು. "ನಮ್ಮತ್ತಿ ಹೇಳತಿದ್ಲು, ಅವರ ಕಾಲದಾಗ ನೀರು ಇಲ್ಲೀತನಕ ಬಂದಿತ್ತಂತ. ಈ ಸಲ ಅದರ ಮ್ಯಾಲೆ ಹೋತು. ಇದನ್ನೂ ಬರಕೊಳ್ಳವಾ" ಅಂದರು. ನಾನು ಹೂಂ ಅಂದೆ. ಬರೆಯಲಿಲ್ಲ. ಅವರು ನನ್ನ ಕೈ ನೋಡಿದರು, ಪೆನ್ನು ನೋಡಿದರು. "ಯಾಕವಾ, ಬರೀವಲ್ಲಿ?" ಅಂದರು. ಫಾರಂನಲ್ಲಿ ಅದಕ್ಕೆ ಜಾಗ ಇಲ್ಲಮ್ಮ ಅಂದೆ. ಸುಳ್ಳೇನಲ್ಲ, ನಿಜವಾಗಲೂ ಜಾಗ ಇರಲಿಲ್ಲ. ಅವರು ಮತ್ತೆ ಏನೂ ಹೇಳದೆ ಶೇಂಗಾ ಕಡೆಗೆ ನಡೆದರು.

ಆರು ಭಾಷೆಯ ಚೀಟಿ

ಹಡಗಿನ ಕಥೆಯಲ್ಲೂ ಒಂದು ಫಾರಂ ಇದೆ. ಎರಡೂ ಹಡಗುಗಳ ಬಗ್ಗೆ ಸಿಕ್ಕಿರುವ ಮುಖ್ಯವಾದ ಬರಹ ಅಂದರೆ ಅದೊಂದೇ. ಬ್ರಿಟಿಷ್ ನೌಕಾಪಡೆ ಅಚ್ಚು ಹಾಕಿಸಿ ಕೊಟ್ಟಿದ್ದ ಖಾಲಿ ಜಾಗಗಳ ಕಾಗದ. ಹಡಗಿನ ಹೆಸರು, ತಾರೀಕು, ಅಕ್ಷಾಂಶ, ರೇಖಾಂಶ ತುಂಬಬೇಕು. ಅದರ ಕೆಳಗೆ, ಈ ಕಾಗದ ಸಿಕ್ಕಿದವರು ದಯವಿಟ್ಟು ಲಂಡನ್ನಿಗೆ ತಲುಪಿಸಿ ಅಂತ ಆರು ಭಾಷೆಗಳಲ್ಲಿ ಅಚ್ಚಾಗಿದೆ. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್, ಡಚ್, ಡ್ಯಾನಿಷ್, ಜರ್ಮನ್. ಆ ನೆಲದ ಮೇಲೆ ಓಡಾಡಿಕೊಂಡಿದ್ದ ಜನರ ಭಾಷೆ ಮಾತ್ರ ಅದರಲ್ಲಿ ಇಲ್ಲ. ಇನುಯಿಟ್ ಭಾಷೆಗೆ ಆ ಭಾಗದಲ್ಲಿ ಆಗ ಬರವಣಿಗೆ ಇರಲಿಲ್ಲ, ಇದ್ದಿದ್ದರೂ ಓದುವವರಿರಲಿಲ್ಲ ಅಂತ ಯಾರಾದರೂ ಹೇಳಬಹುದು. ಸರಿಯೇ. ಆದರೆ ಆರು ಭಾಷೆಗಳ ಆ ಪಟ್ಟಿಯನ್ನು ನೋಡಿದಾಗೆಲ್ಲ ನನಗೆ ಒಂದೇ ಅನ್ನಿಸುತ್ತದೆ. ಉತ್ತರ ಯಾರಿಂದ ಬರುತ್ತದೆ ಅಂತ ಅವರು ಹೊರಡುವ ಮೊದಲೇ ತೀರ್ಮಾನ ಮಾಡಿಕೊಂಡಿದ್ದರು.

ಈ ಕಾಗದವನ್ನು ಎರಡು ಸಲ ತುಂಬಿದ್ದಾರೆ. ಮೊದಲನೇ ಸಲ 1847ರ ಮೇ 28ಕ್ಕೆ. ಹಡಗುಗಳು ಮಂಜಿನಲ್ಲಿ ಸಿಕ್ಕಿಕೊಂಡು ಆಗಲೇ ಎಂಟು ತಿಂಗಳಾಗಿತ್ತು. ನಾಯಕ ಸರ್ ಜಾನ್ ಫ್ರಾಂಕ್ಲಿನ್, ಎಲ್ಲರೂ ಕ್ಷೇಮ ಅಂತ ಬರೆದಿದೆ. ಎರಡು ವಾರ ಕಳೆಯಿತು. ಜೂನ್ 11ಕ್ಕೆ ಫ್ರಾಂಕ್ಲಿನ್ ತೀರಿಕೊಂಡರು. ಮುಂದಿನ ವರ್ಷ ಏಪ್ರಿಲ್ 25ಕ್ಕೆ ಯಾರೋ ಅದೇ ಕಾಗದವನ್ನು ಡಬ್ಬಿಯಿಂದ ಹೊರಗೆ ತೆಗೆದು ಅಂಚಿನ ಸುತ್ತ ಬರೆದರು. ಖಾಲಿ ಜಾಗಗಳು ಮೊದಲೇ ತುಂಬಿದ್ದವಲ್ಲ. ಬಲಕ್ಕೆ, ಎಡಕ್ಕೆ, ತಲೆಕೆಳಗಾಗಿ, ಸಿಕ್ಕ ಸಂದಿಯಲ್ಲೆಲ್ಲ ಅಕ್ಷರ. ಹಡಗುಗಳನ್ನು 22ನೇ ತಾರೀಕು ಬಿಟ್ಟು ಬಂದಿದ್ದೇವೆ, 105 ಜನ ಉಳಿದಿದ್ದೇವೆ, ಒಂಬತ್ತು ಅಧಿಕಾರಿಗಳೂ ಹದಿನೈದು ಆಳುಗಳೂ ಸತ್ತಿದ್ದಾರೆ. ಕೆಳಗೆ ಇಬ್ಬರು ಕ್ಯಾಪ್ಟನ್‌ಗಳ ಸಹಿ, ಫಿಟ್ಸ್‌ಜೇಮ್ಸ್ ಮತ್ತು ಕ್ರೋಜಿಯರ್. ಕೊನೆಗೆ ಕ್ರೋಜಿಯರ್ ಒಂದು ಸಾಲು ಸೇರಿಸಿದ್ದಾರೆ. ನಾಳೆ 26ಕ್ಕೆ ಬ್ಯಾಕ್ ನದಿಯ ಕಡೆ ಹೊರಡುತ್ತೇವೆ ಅಂತ. ಹಸಿದ, ಕಾಯಿಲೆ ಬಿದ್ದ ನೂರೈದು ಜನ ದೋಣಿಗಳನ್ನು ಜಾರುಗಾಡಿಯ ಮೇಲೆ ಕಟ್ಟಿಕೊಂಡು ಎಳೆಯಬೇಕು. ಅಂಥ ನಡಿಗೆಯ ಸುದ್ದಿಗೆ ಆ ಕಾಗದದಲ್ಲಿ ಸಿಕ್ಕಿದ್ದು ಒಂದು ಸಣ್ಣ ಮೂಲೆ. ಇಲ್ಲಿಗೆ ಬಂದಾಗೆಲ್ಲ ನನಗೆ ಮುಂದೆ ಓದಲು ಆಗುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಕೂತುಬಿಡುತ್ತೇನೆ.

ಆ ಕಾಗದದಲ್ಲಿ ಒಂದು ತಪ್ಪೂ ಇದೆ. ಮೊದಲನೇ ಚಳಿಗಾಲವನ್ನು ಬೀಚಿ ದ್ವೀಪದಲ್ಲಿ 1846-47ರಲ್ಲಿ ಕಳೆದೆವು ಅಂತ ಬರೆದಿದ್ದಾರೆ. ನಿಜವಾಗಿ ಅದು 1845-46. ಅಲ್ಲಿ ಅವರೇ ಹೂತ ಮೂವರ ಸಮಾಧಿ ಕಲ್ಲುಗಳ ಮೇಲೆ ಸರಿಯಾದ ವರ್ಷವೇ ಇದೆ. ಈ ತಪ್ಪನ್ನು ಎಲ್ಲರೂ ಗಮನಿಸಿದರು, ಎಲ್ಲರೂ ಕ್ಷಮಿಸಿದರು. ಆಯಾಸದಲ್ಲಿ ಕೈತಪ್ಪಿರಬೇಕು ಅಂದರು. ಕಾಗದದ ಮೇಲಿನ ನಂಬಿಕೆ ಕಡಿಮೆಯಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ ಅನ್ನಿ. ಆದರೆ ಇನುಯಿಟ್ ಮುದುಕರು ಒಂದು ವರ್ಷವನ್ನೋ ಒಂದು ಹೆಸರನ್ನೋ ಆಚೀಚೆ ಮಾಡಿ ಹೇಳಿದಾಗ, ಅವರ ಇಡೀ ಮಾತೇ ಕಟ್ಟುಕಥೆ ಆಗಿಬಿಡುತ್ತಿತ್ತು.

ಹೇಳಿದವರು, ಕೇಳಿದವರು

1854ರಲ್ಲಿ ಜಾನ್ ರೇ ಅನ್ನುವ ಸ್ಕಾಟ್ಲೆಂಡಿನ ವೈದ್ಯ ಮೊದಲ ಸುದ್ದಿ ತಂದರು. ಇನುಯಿಟ್ ಜನರ ಥರವೇ ಬದುಕಿ, ಅವರ ಥರವೇ ಹಿಮದಲ್ಲಿ ನಡೆಯಲು ಕಲಿತವರು ಅವರು. ಬಿಳಿಯರ ಒಂದು ಗುಂಪು ಹಸಿವಿನಿಂದ ಸತ್ತಿತು ಅಂತ ಇನುಯಿಟ್ ಜನ ಅವರಿಗೆ ಹೇಳಿದರು. ಕೊನೆಕೊನೆಗೆ ಸತ್ತವರ ಮಾಂಸ ತಿಂದ ಗುರುತುಗಳೂ ಇದ್ದವು ಅಂದರು. ಆ ಜನರಿಂದ ರೇ ಬೆಳ್ಳಿಯ ಚಮಚ, ಫೋರ್ಕುಗಳನ್ನು ಕೊಂಡರು. ಫ್ರಾಂಕ್ಲಿನ್ ಹೆಸರು ಕೆತ್ತಿದ ಒಂದು ಪುಟ್ಟ ತಟ್ಟೆಯೂ ಅದರಲ್ಲಿತ್ತು. ಇಷ್ಟಾದರೂ ಲಂಡನ್ ಸಿಡಿದೆದ್ದಿತು. ಫ್ರಾಂಕ್ಲಿನ್ ಅವರ ಹೆಂಡತಿ ಲೇಡಿ ಜೇನ್ ಇದನ್ನು ಒಪ್ಪಲಿಲ್ಲ. ಅವರ ಸಂಕಟ ನನಗೆ ಅರ್ಥವಾಗುತ್ತದೆ. ಅರ್ಥವಾಗದೇ ಇರುವುದು ಚಾರ್ಲ್ಸ್ ಡಿಕನ್ಸ್ ಅವರ ನಡೆ. ಬಡವರ ನೋವನ್ನು ಅಷ್ಟು ಚೆನ್ನಾಗಿ ಬರೆದ ಮನುಷ್ಯ ತಮ್ಮ ಪತ್ರಿಕೆಯಲ್ಲಿ, ಈ ಕಾಡುಜನರ ಮಾತು ನಂಬಬಾರದು, ನಮ್ಮವರನ್ನು ಇವರೇ ಕೊಂದಿರಬಹುದು ಅನ್ನುವ ಅರ್ಥದಲ್ಲಿ ಬರೆದರು. ರೇ ಕೊಟ್ಟ ಉತ್ತರವನ್ನೂ ಅದೇ ಪತ್ರಿಕೆ ಅಚ್ಚು ಹಾಕಿತು. ಆದರೆ ಗೆದ್ದಿದ್ದು ಡಿಕನ್ಸ್ ಮಾತೇ. ರೇ ಅವರಿಗೆ ಸರ್ ಪದವಿ ಕೊನೆಗೂ ಸಿಗಲಿಲ್ಲ.

ಮೂಳೆಗಳು ಮಾತಾಡಲು ನೂರಮೂವತ್ತು ವರ್ಷಕ್ಕೂ ಹೆಚ್ಚು ಬೇಕಾಯಿತು. ದ್ವೀಪದ ದಡದಲ್ಲಿ ಸಿಕ್ಕ ಮೂಳೆಗಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದಾಗ, ಚಾಕುವಿನಿಂದ ಕೊಯ್ದ ಗೆರೆಗಳು ಸ್ಪಷ್ಟವಾಗಿ ಕಂಡವು. 2024ರಲ್ಲಿ ಹಾಗೆ ಗೆರೆಗಳಿದ್ದ ಒಂದು ದವಡೆ ಯಾರದು ಅಂತಲೂ ಡಿಎನ್‌ಎಯಿಂದ ತಿಳಿಯಿತು. ಆ ಚೀಟಿಗೆ ಸಹಿ ಹಾಕಿದ ಕ್ಯಾಪ್ಟನ್ ಫಿಟ್ಸ್‌ಜೇಮ್ಸ್ ಅವರದ್ದು. ಇದನ್ನು ಬರೆಯುವಾಗ ನನಗೆ ಹಾಗೆ ತಿಂದವರ ಬಗ್ಗೆ ಅಸಹ್ಯ ಹುಟ್ಟುವುದಿಲ್ಲ. ಹಸಿವು ಅಂದರೆ ಏನು ಅಂತ ಗೊತ್ತಿರುವ ಯಾರಿಗೂ ಹುಟ್ಟಲಾರದು. ಇನುಯಿಟ್ ಜನ ಹೇಳಿದ್ದು ನಿಜವಾಗಿತ್ತು, ಅಷ್ಟೇ.

ಹಡಗಿನ ಬಗ್ಗೆಯೂ ಅವರು ಹೇಳಿದ್ದರು. 1860ರ ದಶಕದಲ್ಲಿ ಚಾರ್ಲ್ಸ್ ಫ್ರಾನ್ಸಿಸ್ ಹಾಲ್ ಅನ್ನುವ ಅಮೆರಿಕನ್ ವರ್ಷಗಟ್ಟಲೆ ಅವರ ನಡುವೆ ಇದ್ದು ಕೇಳಿ ಬರೆದುಕೊಂಡರು. ಜೊತೆಗಿದ್ದವರು ತೂಕೂಲಿಟೋ ಮತ್ತು ಎಬೀರ್ಬಿಂಗ್ ಎಂಬ ಇನುಯಿಟ್ ದಂಪತಿ. ತೂಕೂಲಿಟೋ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ ಹೆಂಗಸು. ಅವರಿಲ್ಲದಿದ್ದರೆ ಹಾಲ್‌ಗೆ ಏನೂ ದಕ್ಕುತ್ತಿರಲಿಲ್ಲ. 1879ರಲ್ಲಿ ಶ್ವಾಟ್ಕಾ ಎಂಬ ಇನ್ನೊಬ್ಬ ಅಮೆರಿಕನ್ ಬಂದಾಗ, ಪುಹ್ತೂರಾಕ್ ಎಂಬ ಮುದುಕ ತಾನೇ ಹಡಗಿನೊಳಗೆ ಹೋಗಿದ್ದನ್ನು ಹೇಳಿದರು. ಇವರೆಲ್ಲರ ಮಾತು ಸೇರಿಸಿದರೆ ಒಂದು ಚಿತ್ರ ಸಿಗುತ್ತದೆ. ಉಟ್ಜುಲಿಕ್ ಅನ್ನುವ ಕಡೆ, ಅಂದರೆ ಅಡಿಲೇಡ್ ಪರ್ಯಾಯ ದ್ವೀಪದ ಪಶ್ಚಿಮಕ್ಕೆ, ಮಂಜಿನಲ್ಲಿ ಒಂದು ಹಡಗು ನಿಂತಿತ್ತು. ಒಳಗೆ ಮಲಗುವ ಜಾಗದಲ್ಲಿ ಭಾರಿ ಮೈಕಟ್ಟಿನ ಒಬ್ಬ ಬಿಳಿಯನ ಹೆಣ ಇತ್ತು, ಎತ್ತಲು ಐದು ಜನ ಬೇಕಾಯಿತಂತೆ. ದಡದ ಹಿಮದ ಮೇಲೆ ಕೆಲವರು ನಡೆದ ಹೆಜ್ಜೆ ಗುರುತುಗಳಿದ್ದವು. ಒಳಗೆ ಹೋಗುವ ದಾರಿ ಗೊತ್ತಾಗದೆ ಜನ ಹಡಗಿನ ಪಕ್ಕೆಗೆ ತೂತು ಕೊರೆದರು. ಮಂಜು ಕರಗಿತು, ತೂತಿನಿಂದ ನೀರು ನುಗ್ಗಿತು, ಹಡಗು ಮುಳುಗಿತು. ಆಮೇಲೂ ಕಂಬಗಳ ತುದಿ ನೀರಿನ ಮೇಲೆ ಕಾಣುತ್ತಿತ್ತು.

ಈ ಕೊನೆಯ ಮಾತನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಮುಳುಗಿದ ಮೇಲೂ ಕಂಬದ ತುದಿ ಕಾಣುತ್ತಿತ್ತು ಅಂದರೆ ಅಲ್ಲಿ ಆಳ ಇಲ್ಲ ಅಂತಲೇ ಅರ್ಥ ಅಲ್ವಾ? ಊರು, ದಿಕ್ಕು, ಆಳ, ಮುಳುಗಿದ ಕಾರಣ, ಎಲ್ಲವನ್ನೂ ಕೊಟ್ಟಿದ್ದರು.

ಹಾಗಂತ ಕೇಳುವ ಕೆಲಸ ಸುಲಭ ಅಂತ ನಾನು ಹೇಳುತ್ತಿಲ್ಲ. ಅಗ್ಲೂಕಾ ಅನ್ನೋ ಹೆಸರನ್ನೇ ತೆಗೆದುಕೊಳ್ಳಿ. ಉದ್ದ ಹೆಜ್ಜೆ ಹಾಕುವವನು ಅಂತ ಅದರ ಅರ್ಥ. ಕ್ರೋಜಿಯರ್‌ಗೂ ಅದೇ ಹೆಸರು, ಜಾನ್ ರೇಗೂ ಅದೇ ಹೆಸರು. ಯಾರಾದರೂ 'ಅಗ್ಲೂಕಾನನ್ನು ನೋಡಿದೆ' ಅಂದರೆ ಯಾವ ಅಗ್ಲೂಕಾ? ಕೆಲವು ದಶಕ ಮೊದಲು ಅದೇ ಸೀಮೆಗೆ ಬಂದಿದ್ದ ಬೇರೆ ಹಡಗಿನ ನೆನಪೂ ಇದರಲ್ಲಿ ಬೆರೆತಿತ್ತು. ಕೂತು, ಮತ್ತೆ ಮತ್ತೆ ಕೇಳಿ, ಒಬ್ಬರ ಮಾತಿಗೆ ಇನ್ನೊಬ್ಬರ ಮಾತು ಜೋಡಿಸಿ ನೋಡಬೇಕು. ಡೇವಿಡ್ ವುಡ್‌ಮನ್ ಅನ್ನುವ ಕೆನಡಾದ ನಾವಿಕ ಇಪ್ಪತ್ತನೇ ಶತಮಾನದ ಕೊನೆಯಲ್ಲಿ ಆ ಕೆಲಸ ಮಾಡಿದರು. ಹಾಲ್ ಬರೆದಿಟ್ಟ ಮಾತುಗಳನ್ನೆಲ್ಲ ಬಿಡಿಸಿ ಬಿಡಿಸಿ ಓದಿದರು, ಆ ಮಾತು ತೋರಿಸಿದ ಕಡೆಗೇ ಹೋಗಿ ಹುಡುಕಿದರು. ಜೋವಾ ಹೇವನ್ನಿನವರೇ ಆದ ಲೂಯಿ ಕಮೂಕಾಕ್ ಮೂವತ್ತಕ್ಕೂ ಹೆಚ್ಚು ವರ್ಷ ತಮ್ಮ ಹಿರಿಯರ ಮನೆಗಳಿಗೆ ಹೋಗಿ, ಅವರ ಭಾಷೆಯಲ್ಲೇ ಕೇಳಿ, ಊರು ಕೇರಿಗಳ ಹಳೆಯ ಹೆಸರುಗಳನ್ನು ನಕ್ಷೆಯ ಮೇಲೆ ಗುರುತು ಹಾಕಿಕೊಂಡರು.

ಉತ್ತರಕ್ಕೆ ಹೋಗಲಾಗದೆ ದಕ್ಷಿಣಕ್ಕೆ

2008ರಿಂದ ಕೆನಡಾ ಸರ್ಕಾರದ ಪಾರ್ಕ್ಸ್ ಕೆನಡಾ ಸಂಸ್ಥೆಯ ನೀರಿನಡಿಯ ಪುರಾತತ್ವಜ್ಞರು ದೊಡ್ಡ ಮಟ್ಟದಲ್ಲಿ ಹುಡುಕಾಟ ಶುರು ಮಾಡಿದರು. ಆ ಸಮುದ್ರದಲ್ಲಿ ಮಂಜು ಬಿಡುವುದು ವರ್ಷಕ್ಕೆ ಕೆಲವೇ ವಾರ. ಬಹುಪಾಲು ಜಾಗದ ತಳವನ್ನು ಯಾರೂ ಅಳೆದಿರಲೇ ಇಲ್ಲ. ಸೋನಾರ್ ಯಂತ್ರವನ್ನು ನೀರಿನಲ್ಲಿ ಎಳೆದುಕೊಂಡು, ಹೊಲ ಉತ್ತ ಹಾಗೆ ಹೋಗಿ ಬಂದು ಹೋಗಿ ಬಂದು ತಳದ ಚಿತ್ರ ತೆಗೆಯಬೇಕು. ಇಡೀ ದಿನ ಪರದೆ ನೋಡಿದರೂ ಬರೀ ಕಲ್ಲು, ಮಂಜುಗಡ್ಡೆ ಉಜ್ಜಿದ ಗೆರೆ. 2014ರಲ್ಲಿ ಅವರು ಮುಖ್ಯವಾಗಿ ಹೋಗಬೇಕು ಅಂದುಕೊಂಡಿದ್ದು ಉತ್ತರದ ವಿಕ್ಟೋರಿಯಾ ಜಲಸಂಧಿಗೆ. ಚೀಟಿಯ ಪ್ರಕಾರ ಹಡಗು ಬಿಟ್ಟಿದ್ದು ಆ ಕಡೆ. ಆ ವರ್ಷ ಅಲ್ಲಿ ಮಂಜು ಜಾಸ್ತಿ, ಹಡಗು ನುಗ್ಗಲಿಲ್ಲ. ಹಾಗಾಗಿ ದಕ್ಷಿಣದ ಭಾಗದಲ್ಲಿ ಕೆಲಸ ಮುಂದುವರಿಸಿದರು. ದಕ್ಷಿಣ ಅಂದರೆ ಉಟ್ಜುಲಿಕ್.

ಸೆಪ್ಟೆಂಬರ್ 1ರಂದು ಒಂದು ಸಣ್ಣ ನಡುಗಡ್ಡೆಯ ಮೇಲೆ ಹೆಲಿಕಾಪ್ಟರ್ ಇಳಿಯಿತು. ಉಳಿದವರು ತಮ್ಮ ತಮ್ಮ ಕೆಲಸದಲ್ಲಿದ್ದಾಗ ಪೈಲಟ್ ಸುಮ್ನೆ ದಡದಲ್ಲಿ ಅಡ್ಡಾಡುತ್ತಿದ್ದರು. ಕಲ್ಲಿಗೆ ಒರಗಿಕೊಂಡು ತುಕ್ಕು ಹಿಡಿದ ಒಂದು ಕಬ್ಬಿಣದ ತುಂಡು ಬಿದ್ದಿತ್ತು. ದೋಣಿ ಇಳಿಸುವ ಸಲಕರಣೆಯ ಭಾಗ. ಅದರ ಮೇಲೆ ಬ್ರಿಟಿಷ್ ನೌಕಾಪಡೆಯ ಬಾಣದ ಗುರುತು ಮತ್ತು 12 ಅನ್ನುವ ಅಂಕಿ. ಅಷ್ಟು ಭಾರದ ಕಬ್ಬಿಣ ಬಹಳ ದೂರದಿಂದ ತೇಲಿ ಬರುವುದಿಲ್ಲ. ಮರುದಿನವೇ ಹತ್ತಿರದ ನೀರಿನಲ್ಲಿ ಸೋನಾರ್ ಎಳೆದರು. ಪರದೆಯ ಮೇಲೆ ಇಡೀ ಹಡಗು ಕಂಡಿತು. ಎರೆಬಸ್. ಆಳ ಬರೀ 11 ಮೀಟರ್. ಚೀಟಿ ಹೇಳುವ ಜಾಗದಿಂದ ಹೆಚ್ಚುಕಡಿಮೆ 200 ಕಿಲೋಮೀಟರ್ ದಕ್ಷಿಣಕ್ಕೆ, ಪುಹ್ತೂರಾಕ್ ಹೇಳಿದ ಸೀಮೆಯಲ್ಲಿ. ಅದೇ ವರ್ಷ ಹಡಗಿನ ಗಂಟೆಯನ್ನು ಮೇಲೆ ತಂದರು. ಕಂಚಿನ ಮೇಲೆ 1845 ಅಂತ ಇದೆ.

ಎರಡು ವರ್ಷದ ನಂತರ ಕೊಗ್ವಿಕ್ ಬಾಯಿಬಿಟ್ಟರು. ಆರ್ಕ್ಟಿಕ್ ರಿಸರ್ಚ್ ಫೌಂಡೇಶನ್‌ನ 'ಮಾರ್ಟಿನ್ ಬರ್ಗ್‌ಮನ್' ಅನ್ನುವ ಪುಟ್ಟ ಹಡಗಿನಲ್ಲಿ ಅವರು ಆಗಷ್ಟೇ ಕೆಲಸಕ್ಕೆ ಸೇರಿದ್ದರು. ತಂಡದ ಮುಖಂಡ ಏಡ್ರಿಯನ್ ಶಿಮ್ನೌಸ್ಕಿ ಜೊತೆ ನಿಂತು ದ್ವೀಪದ ಕಡೆ ನೋಡುತ್ತಾ ಮಾತಾಡುವಾಗ, ಆ ಕಂಬದ ಕಥೆ ಹೊರಗೆ ಬಂತು. ಕ್ಯಾಮೆರಾ ಕಳೆದದ್ದೂ ಬಂತು. ಶಿಮ್ನೌಸ್ಕಿ ಫೋಟೊ ಎಲ್ಲಿ ಅಂತ ಕೇಳಲಿಲ್ಲ. ಹೋಗಬೇಕಾದ ಕಡೆ ಬಿಟ್ಟು ಆ ಕೊಲ್ಲಿಗೆ ಹಡಗು ತಿರುಗಿಸಿದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ದೊಡ್ಡ ಗಳಿಗೆ ಅದೇ. ಸೆಪ್ಟೆಂಬರ್ 3ಕ್ಕೆ, ಕೆಲವೇ ಗಂಟೆಗಳ ಹುಡುಕಾಟದಲ್ಲಿ ಟೆರರ್ ಸಿಕ್ಕಿತು. 24 ಮೀಟರ್ ಆಳದಲ್ಲಿ ನೆಟ್ಟಗೆ ಕೂತಿತ್ತು. ಆ ಕೊಲ್ಲಿಯ ಹೆಸರು ಎಷ್ಟೋ ಕಾಲದಿಂದ ಟೆರರ್ ಕೊಲ್ಲಿ ಅಂತಲೇ ಇತ್ತು. ಹಡಗಿನ ನೆನಪಿಗೆ ಇಟ್ಟ ಹೆಸರು. ಹಡಗು ಅಲ್ಲೇ ಇರಬಹುದು ಅಂತ ಹೆಸರಿಟ್ಟವರಿಗೂ ಹೊಳೆದಿರಲಿಲ್ಲ.

ಮುಚ್ಚಿದ ಬಾಗಿಲು

2019ರಲ್ಲಿ ಒಂದು ಪುಟ್ಟ ಯಂತ್ರವನ್ನು ಟೆರರ್ ಒಳಗೆ ಕಳಿಸಿ ತೆಗೆದ ವಿಡಿಯೊ ಇದೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಹಸಿರು ಮಬ್ಬು ನೀರು. ಬೆಳಕು ಬಿದ್ದ ಕಡೆ ಅಡ್ಡಪಟ್ಟಿ ಇರುವ ಕಪಾಟು, ಅದರಲ್ಲಿ ಜೋಡಿಸಿಟ್ಟ ತಟ್ಟೆಗಳು. ಹಡಗು ಅಲುಗಿದರೆ ಬೀಳಬಾರದು ಅಂತ ಪಟ್ಟಿ ಹೊಡೆದಿದ್ದಾರೆ. ಒಂದೂ ಬಿದ್ದಿಲ್ಲ. ಬಾಟಲಿಗಳು, ಹಾಸಿಗೆ ಜಾಗಗಳು. ಎಲ್ಲದರ ಮೇಲೆ ಮೆತ್ತಗೆ ಕೆಸರಿನ ಹೊದಿಕೆ. ಕ್ರೋಜಿಯರ್ ಅವರ ಕೋಣೆಯಲ್ಲಿ ಮೇಜು, ನಕ್ಷೆ ಇಡುವ ಪೆಟ್ಟಿಗೆಗಳು, ಎಲ್ಲ ಡ್ರಾಯರ್‌ಗಳೂ ಮುಚ್ಚಿಕೊಂಡಿವೆ. ಆ ಅಂತಸ್ತಿನಲ್ಲಿ ಬಾಗಿಲು ಹಾಕಿರುವುದು ಅವರು ಮಲಗುವ ಕೋಣೆಗೆ ಮಾತ್ರ. ತಣ್ಣಗಿನ, ಕತ್ತಲ ನೀರು, ಮೇಲೆ ಕೆಸರು. ಹಾಗಾಗಿ ಡ್ರಾಯರ್ ಒಳಗೆ ಕಾಗದಗಳು ಇನ್ನೂ ಓದುವ ಸ್ಥಿತಿಯಲ್ಲಿ ಇರಬಹುದು ಅಂತ ತಜ್ಞರಿಗೆ ಆಸೆ. ನನಗೂ ಆಸೆ ಇದೆ. ಸಿಕ್ಕರೆ ಮೊದಲ ದಿನವೇ ಓದುತ್ತೇನೆ.

ಈಗ ಎರಡೂ ಹಡಗುಗಳ ಒಡೆತನ ಕೆನಡಾ ಸರ್ಕಾರ ಮತ್ತು ಇನುಯಿಟ್ ಜನ ಇಬ್ಬರದ್ದೂ. ಬೇಸಿಗೆಯಲ್ಲಿ ಜೋವಾ ಹೇವನ್ನಿನವರೇ ಹತ್ತಿರದಲ್ಲಿ ಟೆಂಟ್ ಹಾಕಿ ಹಡಗುಗಳನ್ನು ಕಾಯುತ್ತಾರೆ. ಇದನ್ನು ಓದಿದಾಗ ಮನಸ್ಸಿಗೆ ಬಹಳ ಹಿತವಾಯಿತು. ಲೂಯಿ ಕಮೂಕಾಕ್ ಎರಡೂ ಹಡಗು ಸಿಕ್ಕಿದ್ದನ್ನು ನೋಡಿ, 2018ರಲ್ಲಿ ತೀರಿಕೊಂಡರು. ಚಿಕ್ಕವರಿದ್ದಾಗ ಅವರ ಮುತ್ತಜ್ಜಿ ಹಮ್ಮಾಹಕ್ ಒಂದು ಕಥೆ ಹೇಳಿದ್ದರಂತೆ. ಹುಡುಗಿಯಾಗಿದ್ದಾಗ ದ್ವೀಪದ ಉತ್ತರದಲ್ಲಿ ಬಿಳಿಯರ ಸಾಮಾನುಗಳನ್ನು ಕಂಡಿದ್ದು, ಮನುಷ್ಯನ ಉದ್ದದ ಒಂದು ದಿಬ್ಬ ಕಂಡಿದ್ದು. ಅದು ಫ್ರಾಂಕ್ಲಿನ್ ಸಮಾಧಿ ಇರಬಹುದೇ ಅಂತ ಕಮೂಕಾಕ್ ಕೊನೆಯವರೆಗೂ ಹುಡುಕಿದರು. ಫ್ರಾಂಕ್ಲಿನ್ ಸಮಾಧಿ ಇನ್ನೂ ಸಿಕ್ಕಿಲ್ಲ.

ಹೋದ ವಾರ ಹಳೆಯ ಚೀಲದಿಂದ ಆ ಸರ್ವೆಯ ಡೈರಿ ತೆಗೆದೆ. ಒಂದು ಖಾಲಿ ಪುಟದಲ್ಲಿ ಊರಿನ ಹೆಸರು, ಗುಡಿ, ಅಜ್ಜಿಯ ಅತ್ತೆಯ ಕಾಲದ ನೀರು ಅಂತ ಬರೆದೆ. ಆಮೇಲೆ ಪೆನ್ನು ನಿಂತಿತು. ಅವರು ಹೆಬ್ಬೆರಳು ಒತ್ತಿದ್ದು ಮೂರನೇ ಮೆಟ್ಟಿಲಿನ ಮೇಲೋ ನಾಲ್ಕನೇದರ ಮೇಲೋ, ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಅವರ ಮಗಳ ಫೋನ್ ನಂಬರ್ ಆ ಡೈರಿಯಲ್ಲೇ ಇದೆ. ಅಜ್ಜಿ ಹೇಗಿದ್ದಾರೆ ಅಂತ ಮೊದಲು ಕೇಳಬೇಕು.